ಎಡಕ್ಕೆ ಮಾತ್ರ ತಿರುಗುವ ಸವಾರನಿಂದ ದಫೇದಾರರಿಗೆ

ಅಚ್ಚುಕೂಟದ ಹಿಂದಿನ ತಿರುವಿನ ಏಕಮಾತ್ರ ಅಧಿಪತಿಗಳೂ, ಕಂದುಬಣ್ಣದವರೂ, ಓಣಿಯವರೆಲ್ಲರಿಂದ ‘ದಫೇದಾರ’ ಎಂದು ಕರೆಸಿಕೊಳ್ಳುವವರೂ ಆದ ಮಾನ್ಯ ನಾಯಿಯವರೇ,

ತಮ್ಮ ಕಿವಿ, ಬಾಲ ಹಾಗೂ ಗಂಟಲು ಕ್ಷೇಮವಾಗಿವೆಯೆಂದು ನಂಬಿ, ಕೊರಳೆಲುಬೊಂದನ್ನು ಬಿಟ್ಟು ಮಿಕ್ಕಂತೆ ಕ್ಷೇಮವಾಗಿರುವ ನಾನು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ನಮ್ಮಿಬ್ಬರ ನಡುವೆ ಆದದ್ದೆಲ್ಲ ನಡುಬೀದಿಯಲ್ಲೇ ಆಗಿರುವಾಗ ಇನ್ನು ಗುಟ್ಟು ಮಾಡಿ ಪ್ರಯೋಜನವಿಲ್ಲ.

ತಮಗೆ ನೆನಪಿರಲಿಕ್ಕಿಲ್ಲ. ಕಟ್ಟುಹಲ್ಲು ತಯಾರಿಸುವ ಅಂಗಡಿಯಿಂದ ಊರಿನ ಐದು ದಂತವೈದ್ಯರಿಗೆ ಸೈಕಲ್ಲಿನಲ್ಲಿ ಹಲ್ಲಿನ ಸೆಟ್ಟುಗಳನ್ನು ಮುಟ್ಟಿಸುವ ಕೆಲಸ ನನ್ನದು. ಎರಡು ತಿಂಗಳ ಹಿಂದೆ ತಾವು ಯಾವುದೋ ತುರ್ತು ರಾಜಕಾರ್ಯದ ಮೇಲೆ ರಸ್ತೆಗೆ ಅಡ್ಡ ಬಂದಾಗ ನಾನು ಬಿದ್ದೆ, ಡಬ್ಬಿ ಬಾಯಿ ಬಿಟ್ಟಿತು, ಆರು ಜನರ ನಗು ಡಾಂಬರಿನ ಮೇಲೆ ಚೆಲ್ಲಿತು. ತಾವು ಒಂದೊಂದನ್ನೂ ಮೂಸಿ ನೋಡಿ, ಯಾವುದೂ ತಮ್ಮ ಅಳತೆಗೆ ಹೊಂದದೆಂದು ಖಚಿತಪಡಿಸಿಕೊಂಡು, ಒಂದನ್ನೂ ಕದಿಯದೆ ಹೋದಿರಿ. ಇಂಥ ಪ್ರಾಮಾಣಿಕತೆ ಎರಡು ಕಾಲಿನವರಲ್ಲಿ ನಾನು ಕಂಡದ್ದು ಕಡಿಮೆ.

ಮುರಿದದ್ದು ಕತ್ತಿನ ಬುಡದಿಂದ ಹೆಗಲಿಗೆ ಹೋಗುವ ಬಲಗಡೆಯ ಕೊರಳೆಲುಬು. ಆರು ವಾರ ಕಳೆದ ಮೇಲೆ ಡಾಕ್ಟರು ಎಕ್ಸ್‌ರೇ ಚಿತ್ರ ನೋಡಿ, “ಎಲುಬು ಕೂಡ್ತಾ ಇದೆ, ಕೂಡಿಲ್ಲ. ಇನ್ನೂ ನಾಲ್ಕು ವಾರ ಸೈಕಲ್ ಮುಟ್ಟಬೇಡಿ. ಮತ್ತೊಂದು ಸಲ ಬಿದ್ರೆ ಈ ಕೈ ಎತ್ತೋ ಆಸೆ ಬಿಟ್ಬಿಡಿ” ಎಂದರು. ನನ್ನ ಹೆಂಡತಿ ಪಕ್ಕದಲ್ಲೇ ಕೂತು ಇದನ್ನು ನನಗಿಂತ ಚೆನ್ನಾಗಿ ಕೇಳಿಸಿಕೊಂಡಳು. ಆದರೆ ಅಂಗಡಿಯಲ್ಲಿ ಯಜಮಾನರ ಅಳಿಯ ತನ್ನ ಹೊಸ ಸ್ಕೂಟರಿನಲ್ಲಿ ನನ್ನ ಕೆಲಸ ಮಾಡುತ್ತಿದ್ದ. ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಕಲಸುತ್ತಾ ಮೂಲೆಯಲ್ಲಿ ಕೂತ ನಾನು, ಅವನು ಹೊರಟಾಗಲೆಲ್ಲ ಆ ಸ್ಕೂಟರಿನ ಸದ್ದು ಕೇಳಬೇಕಾಗಿತ್ತು. ಇಪ್ಪತ್ತೆರಡು ವರ್ಷ ತುಳಿದ ದಾರಿ ಇನ್ನೊಬ್ಬನದಾಗುವುದನ್ನು ನೋಡಲು ನನಗೆ ಭಯವಾಯಿತು. ಹೀಗಾಗಿ ಯಜಮಾನರಿಗೆ ಡಾಕ್ಟರು ಒಪ್ಪಿದ್ದಾರೆಂದು ಹೇಳಿದೆ, ಹೆಂಡತಿಗೆ ಪ್ಲಾಸ್ಟರ್ ಕೆಲಸವೇ ಮುಂದುವರಿದಿದೆಯೆಂದು ಹೇಳಿದೆ. ಡಾಕ್ಟರ ಚೀಟಿ ಎಲ್ಲಿ ಎಂದು ಯಜಮಾನರು ಕೇಳಿದಾಗಲೆಲ್ಲ ನಾಳೆ ತರುತ್ತೇನೆ ಎಂದೆ. ಕೊರಳಿಗೆ ಕೈ ತೂಗುಹಾಕುವ ಪಟ್ಟಿಯನ್ನು ಬೆಳಿಗ್ಗೆ ಅಂಗಡಿಯಲ್ಲಿ ಕಳಚಿ, ಸಂಜೆ ಮತ್ತೆ ಹಾಕಿಕೊಂಡು, ಸೈಕಲ್ಲನ್ನು ಅಲ್ಲೇ ಬಿಟ್ಟು, ನರಳುತ್ತಾ ನಡೆದು ಮನೆಗೆ ಹೋಗುತ್ತಿದ್ದೆ.

ಈಗ ನಿಜವಾದ ದೂರಿಗೆ ಬರುತ್ತೇನೆ. ಕೊರಳೆಲುಬು ಕೂಡದವನಿಗೆ ಬಲಗೈ ಚಾಚಿ ತೋರಿಸಲು ಆಗುವುದಿಲ್ಲ, ಹೆಗಲ ಮೇಲಿಂದ ಹಿಂದೆ ನೋಡಲೂ ಆಗುವುದಿಲ್ಲ. ಅಂದರೆ ಬಲಕ್ಕೆ ತಿರುಗುವ ಯೋಗವೇ ಇಲ್ಲ. ಎಡಕ್ಕೆ ಮೂರು ಸಲ ತಿರುಗಿದರೆ ಬಲಕ್ಕೆ ಒಂದು ಸಲ ತಿರುಗಿದಂತೆಯೇ ಎಂಬ ಸತ್ಯವನ್ನು ಕಂಡುಹಿಡಿದು, ಐದು ದವಾಖಾನೆಗಳಿಗೂ ಬರೀ ಎಡಕ್ಕೆ ತಿರುಗಿಯೇ ತಲುಪುವ ಮಾರ್ಗವೊಂದನ್ನು ರಚಿಸಿದೆ. ದುರದೃಷ್ಟವೆಂದರೆ ಆ ಮಾರ್ಗ ಮಧ್ಯಾಹ್ನದೊಳಗೆ ಏಳು ಸಲ ತಮ್ಮ ತಿರುವಿನಲ್ಲೇ ಹಾದುಹೋಗುತ್ತದೆ. ಕುರುಡುಗಣ್ಣಿಗೂ ಕಾಣುವ ಈ ತಪ್ಪು ನನಗೆ ಮೊದಲ ದಿನದ ಮೂರನೆಯ ಸುತ್ತಿನಲ್ಲಿ ಹೊಳೆಯಿತು. ತಮಗೆ ಎರಡನೆಯದರಲ್ಲೇ ಹೊಳೆದಂತಿತ್ತು.

ಮೊದಲ ದಿನ ಏಳು ಸಲವೂ ಬೊಗಳಿದಿರಿ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ಬಾಯಿಪಾಠ ಮಾಡುತ್ತಾ ನಾನು ಪೆಡಲು ತುಳಿದೆ. ಮೂರನೆಯ ದಿನ ತಾವು ಬೊಗಳುವುದನ್ನು ನಿಲ್ಲಿಸಿ ನನ್ನ ಬಲಗಾಲಿನ ಪಕ್ಕದಲ್ಲೇ ಓಡತೊಡಗಿದಿರಿ. ಆ ಕಾಲಿನ ಪ್ಯಾಂಟು ಚೈನಿಗೆ ಸಿಗದಂತೆ ನಾನು ಹಾಕುವ ಕ್ಲಿಪ್ಪು ತಮಗೆ ಬಹಳ ಇಷ್ಟವಾಯಿತೆಂದು ಕಾಣುತ್ತದೆ. ಒಂದು ವಾರದಲ್ಲಿ ನಾನು ಬರುವ ಹೊತ್ತಿಗೆ ಎದ್ದು ನಿಂತು ಮೈ ಮುರಿಯತೊಡಗಿದಿರಿ. ಈ ಸೌಜನ್ಯಕ್ಕೆ ಮನಸೋತು ನಾನು ತಮ್ಮಲ್ಲಿ ಒಂದು ಕೋರಿಕೆಯನ್ನು ಇಡುವವನಿದ್ದೆ: ನಾನು ಬಲಕ್ಕೆ ತಿರುಗುವಾಗ ತಾವು ನನ್ನ ಬಲಬದಿಯಲ್ಲಿ ಓಡುತ್ತಾ, ತಮ್ಮ ಬಾಲವನ್ನು ನೆಟ್ಟಗೆ ಹೊರಕ್ಕೆ ಚಾಚಿ, ಹಿಂದಿನ ಬಸ್ಸಿನವನಿಗೆ ನನ್ನ ಪರವಾಗಿ ಸಂಜ್ಞೆ ಕೊಡಬೇಕು. ಬಾಲದ ಡೊಂಕು ಹೋಗುವುದಿಲ್ಲವೆಂದು ಲೋಕವೆಲ್ಲ ಹೇಳಿದರೂ ತಮ್ಮ ಮೇಲೆ ನನಗೆ ಅಷ್ಟು ಭರವಸೆ ಇತ್ತು. ಜೊತೆಗೆ, ಯಜಮಾನರಿಗೆ ಕೊಡಬೇಕಾದ ಚೀಟಿಯ ಮೇಲೆ ಪಂಜದ ಗುರುತು ಒತ್ತಿಕೊಟ್ಟರೆ ಅದನ್ನು ಡಾಕ್ಟರ ಸಹಿಯೆಂದು ನಂಬಿಸುವ ಹೊಣೆ ನನ್ನದಾಗಿತ್ತು. ಅವರ ಸಹಿ ಅದಕ್ಕಿಂತ ಅಂದವಾಗಿಯೇನೂ ಇಲ್ಲ.

ಆದರೆ ತಾವು ಮಾಡಿದ್ದೇನು? ಹತ್ತನೆಯ ದಿನ ಸಂಜೆ, ಪಟ್ಟಿ ತೊಟ್ಟು ನರಳುತ್ತಾ ನಡೆದು ಹೋಗುತ್ತಿದ್ದವನನ್ನು ವಾಸನೆಯಿಂದಲೇ ಗುರುತಿಸಿ, ಸದ್ದಿಲ್ಲದೆ ಮನೆಯವರೆಗೂ ಹಿಂಬಾಲಿಸಿದಿರಿ. ಬಾಗಿಲು ತೆಗೆದ ನನ್ನ ಹೆಂಡತಿಯ ಕಣ್ಣೆದುರಿಗೇ ನನ್ನ ಬಲಗಾಲಿಗೆ ಬಾಯಿ ಹಾಕಿ ಎಳೆದಿರಿ. ಅವಳು ಬಗ್ಗಿ ನೋಡಿದಳು. ನಾನೂ ನೋಡಿದೆ. ಪಟ್ಟಿ ಹಾಕಿಕೊಳ್ಳಲು ಮರೆಯದ ಜಾಣ, ಕ್ಲಿಪ್ಪು ತೆಗೆಯಲು ಮರೆತಿದ್ದ. “ಪ್ಲಾಸ್ಟರ್ ಕಲಸೋಕೆ ಪ್ಯಾಂಟಿಗೆ ಕ್ಲಿಪ್ಪು ಯಾಕೆ?” ಎಂದಷ್ಟೇ ಕೇಳಿ, ತಮಗೆ ಒಂದು ತುಂಡು ಬ್ರೆಡ್ಡು ಹಾಕಿ ಒಳಗೆ ಹೋದಳು. ನನಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ.

ಮಾರನೆಯ ಬೆಳಿಗ್ಗೆ ಅಂಗಿಯನ್ನು ಇಸ್ತ್ರಿ ಮಾಡಿ ಮಂಚದ ಮೇಲಿಟ್ಟು, “ಸೈಕಲ್ ಹೊಡಿಯೋ ಕೈಗೆ ಗುಂಡಿ ಏನು ಮಹಾ, ನೀವೇ ಹಾಕ್ಕೊಳ್ಳಿ” ಎಂದು ಹೇಳಿ ಅವಳು ಕೆಲಸಕ್ಕೆ ಹೊರಟುಹೋದಳು. ಬಿದ್ದಂದಿನಿಂದ ಒಂದು ದಿನವೂ ತಪ್ಪದೆ ಆ ಗುಂಡಿಗಳನ್ನು ಅವಳೇ ಹಾಕುತ್ತಿದ್ದಳು. ಕೆಳಗಿನ ನಾಲ್ಕನ್ನು ಹೇಗೋ ಹಾಕಿದೆ. ಮೇಲಿನ ಎರಡಕ್ಕೆ ಕೈ ಏರಲಿಲ್ಲ; ಇಪ್ಪತ್ತು ನಿಮಿಷ ಒದ್ದಾಡಿ ಮಂಚದ ಅಂಚಿನಲ್ಲಿ ಕೂತೆ. ನೋವಿಗಲ್ಲ, ಅವಳಿಗೆ ಸುಳ್ಳು ಹೇಳಿದ ನಾಚಿಕೆಗೆ ನನಗೆ ಅಳು ಬಂತು. ಎದೆ ತೆರೆದುಕೊಂಡೇ ಅಂಗಡಿಗೆ ನಡೆದು ಹೋಗಿ, ಯಜಮಾನರಿಗೆ ನಿಜ ಹೇಳಿ, ಡಬ್ಬಿಯನ್ನು ಅವರ ಅಳಿಯನ ಕೈಗೆ ಕೊಟ್ಟೆ. ಎಲುಬು ಕೂಡಿದ ಮೇಲೆ ದಾರಿ ನನಗೆ ವಾಪಸು ಸಿಗುತ್ತದೆಯೋ ಇಲ್ಲವೋ ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ. ಇಂದು ಬೆಳಿಗ್ಗೆ ಅವಳು ಬಂದು ಮೇಲಿನ ಎರಡು ಗುಂಡಿ ಹಾಕಿ ಹೋದಳು.

ತಮ್ಮ ಉಪಕಾರವನ್ನು ಮರೆಯಲಾಗದೆ, ಕ್ಷಮಿಸಲೂ ಆಗದೆ ಇರುವ,
ತಮ್ಮ ವಿಶ್ವಾಸಿ,
ಸದ್ಯಕ್ಕೆ ಕಾಲ್ನಡಿಗೆಯವನು

ವಿ.ಸೂ.: ಸೋಮವಾರದಿಂದ ಯಜಮಾನರ ಅಳಿಯಂದಿರು ಮತ್ತೆ ಸ್ಕೂಟರಿನಲ್ಲಿ ತಮ್ಮ ತಿರುವಿಗೇ ಬರಲಿದ್ದಾರೆ. ಅವರಿಗೆ ಏನಾದರೂ ಆಗಲಿ ಎಂದು ನಾನು ಬಯಸುವುದಿಲ್ಲ, ದೇವರಾಣೆ. ಆದರೆ ಅವರನ್ನು ಮಾತ್ರ ಮನೆಯವರೆಗೆ ಹಿಂಬಾಲಿಸದೆ ಬಿಟ್ಟರೆ, ತಾವು ಪಕ್ಷಪಾತಿ ಎಂದು ಓಣಿಯವರೆಲ್ಲ ಆಡಿಕೊಂಡಾರು.