ವಿಮಾನದ ಮೈದಾನದಲ್ಲಿ ರಾಗಿ ರಾಶಿ

ಸುಂದ್ರಮ್ಮ: ನಾಕು ದಿನದಿಂದ ಗಾಳಿ ಬತ್ತದೆ, ಗಾಳಿ ಬತ್ತದೆ ಅಂತ ಆ ತೂರೋ ಮಣೆ ಮೇಲೆ ನಿಂತೇ ಇದ್ದೀರಿ. ಬಂತಾ?

ಶಿವನಂಜಪ್ಪ: ಬತ್ತದೆ. ಗಾಳಿ ಏನು ನಮ್ಮನೆ ಆಳಾ, ಕೂಗಿದ ತಕ್ಷಣ ಓಡಿ ಬರಕ್ಕೆ.

ಸುಂದ್ರಮ್ಮ: ಬರೋದು ಗಾಳಿಯಲ್ಲ, ಮಳೆ. ಬೆಟ್ಟದಪುರದ ಬೆಟ್ಟ ನೋಡಿ, ಮೋಡ ಎಂಗೆ ಮುಚ್ಕಂಡು ಕೂತದೆ. ರಾಗಿ ಇಲ್ಲೇ ನೆಂದು ಮೊಳಕೆ ಬಂದ್ರೆ ವರ್ಸೆಲ್ಲ ಏನು ಉಣ್ಣದು?

ಶಿವನಂಜಪ್ಪ: ಬುಡು ಸಾಕು. ರಾಶಿ ಮುಂದೆ ಅಂಥ ಮಾತಾಡಬ್ಯಾಡ.

ಗಂಡ ಹೆಂಡಿರ ಈ ಜಗಳ ನಡೆಯುತ್ತಿದ್ದುದು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಹಳೆಯ ವಿಮಾನದ ಮೈದಾನದ ಒಂದು ತುದಿಯಲ್ಲಿ. ಮಹಾಯುದ್ಧದ ಕಾಲದಲ್ಲಿ ಬಿಳಿಯರು ತುರ್ತಾಗಿ ಕಾಂಕ್ರೀಟು ಸುರಿದು ಮಾಡಿದ ಮೈದಾನ ಅದು. ಯುದ್ಧ ಮುಗಿಯಿತು, ವಿಮಾನಗಳು ಹೋದವು, ಕಾಂಕ್ರೀಟು ಉಳಿಯಿತು. ಸಗಣಿ ಹಾಕಿ ಸಾರಿಸುವ ಗೋಜಿಲ್ಲದ ಇಂಥ ಕಣ ಸಿಕ್ಕರೆ ಯಾರು ಬಿಡುತ್ತಾರೆ? ಇಪ್ಪತ್ತು ವರ್ಷದಿಂದ ಸುತ್ತಲಿನ ಊರಿನವರ ಒಕ್ಕಣೆಯೆಲ್ಲ ಅಲ್ಲೇ ಆಗುತ್ತಿತ್ತು.

ಅರವತ್ತೆಂಟನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ ಡಂಗುರ ಸಾರಿದರು. ಯುದ್ಧದಲ್ಲಿ ಹಾರಿದ ಹಳೇ ಡಕೋಟಾ ವಿಮಾನವೊಂದು ಸೇವೆಯಿಂದ ನಿವೃತ್ತಿಯಾಗುವ ಮುಂಚೆ ಇದೇ ಮೈದಾನದಲ್ಲಿ ಇಳಿಯುತ್ತದೆ, ಎಲ್ಲರೂ ಬಂದು ನೋಡಬೇಕು, ಕಣ ಮಾಡಿದವರು ಖಾಲಿ ಮಾಡಬೇಕು ಎಂದು. ಮಿಕ್ಕವರು ಮಾಡಿದರು. ಎತ್ತಿನ ಕಾಲು ಉಳುಕಿ ಹಿಂದೆ ಬಿದ್ದಿದ್ದ ಶಿವನಂಜಪ್ಪನ ರಾಗಿ ಮಾತ್ರ ಹೊಟ್ಟಿನ ಸಮೇತ ಗುಡ್ಡೆಯಾಗಿ ಕೂತಿತ್ತು. ತೂರೋಣವೆಂದರೆ ಎಲೆ ಅಲ್ಲಾಡುವಷ್ಟು ಗಾಳಿಯೂ ಇಲ್ಲ.

ಹೋಬಳಿಯ ಕಂದಾಯ ನೋಡಿಕೊಳ್ಳುವ ಶೇಕ್ದಾರ ನಂಜುಂಡಸ್ವಾಮಿ ಸೈಕಲ್ಲಿನಿಂದ ಇಳಿದದ್ದೇ ಅಬ್ಬರಿಸತೊಡಗಿದ.

ನಂಜುಂಡಸ್ವಾಮಿ: ಏನಯ್ಯಾ ಶಿವನಂಜಪ್ಪ, ಇನ್ನೂ ಇಲ್ಲೇ ಇದೆಯಲ್ಲ ಇದು. ಹತ್ತು ಗಂಟೆಗೆ ವಿಮಾನ ಬರುತ್ತೆ. ತೆಗಿ ಮೊದಲು.

ಶಿವನಂಜಪ್ಪ: ಸ್ವಾಮಿ, ಕಣದಲ್ಲಿ ನಿಂತ್ಕಂಡು ‘ತೆಗಿ’ ಅನ್ನಬಾರದು.

ನಂಜುಂಡಸ್ವಾಮಿ: ಮತ್ತೇನನ್ನಬೇಕು?

ಶಿವನಂಜಪ್ಪ: ‘ಹೆಚ್ಚಲಿ’ ಅನ್ನಬೇಕು.

ನಂಜುಂಡಸ್ವಾಮಿ: ಸರಿ, ಹೆಚ್ಚಲಿ. ಹೆಚ್ಚಿಸಿಕೊಂಡು ಆ ಕಡೆ ಹೊಲಕ್ಕೆ ಹೋಗು.

ಶಿವನಂಜಪ್ಪ: ಪೂಜೆ ಆಗೈತೆ ಸ್ವಾಮಿ. ಇನ್ನು ತೂರಿ ಅಳೆಯೋವರೆಗೂ ಕದಲಿಸಂಗಿಲ್ಲ.

ಸುಂದ್ರಮ್ಮ: ಸ್ವಾಮಿ, ನಿಮ್ಮ ಬೂಟು.

ನಂಜುಂಡಸ್ವಾಮಿ: ಬೂಟಿಗೇನಾಗಿದೆ?

ಸುಂದ್ರಮ್ಮ: ರಾಶಿ ಸುತ್ತ ಎಳೆದಿರೋ ಬೂದಿ ಗೆರೆ ದಾಟಿ ಬಂದದೆ. ಅಲ್ಲಿ ನೋಡಿ, ಸಗಣಿ ಬೆನಕ ಗರಿಕೆ ಮುಡ್ಕಂಡು ಕೂತವ್ನೆ. ಅವನ ಮುಂದೆ ಯಾರೂ ಮೆಟ್ಟು ಮೆಟ್ಟಂಗಿಲ್ಲ.

ಅತಿಥಿಗಳನ್ನು ಎದುರುಗೊಳ್ಳಲೆಂದೇ ಕೊಂಡಿದ್ದ ಹೊಸ ಬೂಟು. ನಂಜುಂಡಸ್ವಾಮಿ ಗೊಣಗುತ್ತಲೇ ಬಿಚ್ಚಿ ಸೈಕಲ್ಲಿನ ಹ್ಯಾಂಡಲ್ಲಿಗೆ ತಗುಲಿಸಿದ. ಬರಿಗಾಲಲ್ಲಿ ನಿಂತ ಅಧಿಕಾರಿಗೆ ಗದರುವ ಧ್ವನಿ ಹೊರಡುವುದು ಕಷ್ಟ.

ನಂಜುಂಡಸ್ವಾಮಿ: ನೋಡಪ್ಪ, ಅಮಲ್ದಾರರು ಶಾಮಿಯಾನಕ್ಕೆ ಬಂದಾಗಿದೆ. ಇದನ್ನು ಕಂಡರೆ ನನ್ನ ಕೆಲಸ ಹೋಗುತ್ತೆ. ಗಾಡಿ ನಾನೇ ಕರೆಸ್ತೀನಿ. ಇದು ಎಷ್ಟು ಪಲ್ಲ ಆಗಬಹುದು, ಹೇಳು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅಳೆಯುವ ಮುಂಚೆ ರಾಶಿ ಎಷ್ಟೆಂದು ಕೇಳುವವನು ಒಂದೋ ಬುದ್ಧಿಯಿಲ್ಲದವನು, ಇಲ್ಲವೇ ಸರ್ಕಾರದವನು.

ಶಿವನಂಜಪ್ಪ: ಕೇಳಿಸ್ಕಂಡೇನೆ ಸುಂದ್ರಾ? ನಾನು ನೆನ್ನೇನೆ ಅಂದಿರ್ಲಿಲ್ವಾ. ಇದು ಲೆವಿ. ಸರ್ಕಾರದ ಪಾಲು ಅಂತ ನಮ್ಮ ರಾಗಿ ಅಳೆಸ್ಕಂಡು ಹೋಗಕ್ಕೆ ಬಂದವ್ರೆ.

ನಂಜುಂಡಸ್ವಾಮಿ: ಯಾವ ಲೆವಿ?

ಶಿವನಂಜಪ್ಪ: ಆ ವಿಮಾನದ ಹೊಟ್ಟೆ ಒಳಗೆ ಮೂಟೆಗಟ್ಲೆ ಸಾಮಾನು ಹಿಡೀತದೆ ಅಂತ ಡಂಗುರದವನೇ ಸಾರಿದ. ಬರೀ ನೋಡಕ್ಕೆ ತರೋ ವಿಮಾನಕ್ಕೆ ಅಷ್ಟು ದೊಡ್ಡ ಹೊಟ್ಟೆ ಯಾಕೆ?

ನಂಜುಂಡಸ್ವಾಮಿ: ಅದು ಯುದ್ಧದಲ್ಲಿ ಬರ್ಮಾ ಕಡೆಗೆ ಅಕ್ಕಿ, ಮದ್ದುಗುಂಡು ಹೊತ್ತ ವಿಮಾನ ಕಣಯ್ಯ.

ಶಿವನಂಜಪ್ಪ: ನಿಮ್ಮ ಬಾಯಲ್ಲೇ ಬಂತಲ್ಲ. ಅವತ್ತು ಅಕ್ಕಿ, ಇವತ್ತು ರಾಗಿ.

ನಂಜುಂಡಸ್ವಾಮಿ: ಲೆವಿಗೆ ವಿಮಾನ ಕಳಿಸುವ ಸರ್ಕಾರವೇ ನಮ್ಮದು? ಲೆವಿ ವಸೂಲಿಗೆ ಅಂತ ನನ್ನ ಪಾಲಿಗಿರೋದು ಈ ಸೈಕಲ್ಲು. ಅದಕ್ಕೂ ಬ್ರೇಕಿಲ್ಲ.

ಸುಂದ್ರಮ್ಮ: ಅದು ದಿಟ ಕಣ್ರೀ. ಓದ್ಸಲ ಬಂದಾಗ ನಮ್ಮ ತಿಪ್ಪೆಗೆ ಗುದ್ದೇ ನಿಲ್ಲಿಸಿದ್ರು.

ಅಷ್ಟರಲ್ಲಿ ಹುಣಸೂರಿನ ಕಡೆಯಿಂದ ಗುಡುಗಿನಂಥ ಸದ್ದು ಬಂತು. ನೆರೆದಿದ್ದ ಜನವೆಲ್ಲ ಕತ್ತೆತ್ತಿದರು. ಡಕೋಟಾ ಮರಗಳ ನೆತ್ತಿ ಸವರಿಕೊಂಡು ಬಂದು ಆಚೆ ತುದಿಯಲ್ಲಿ ಇಳಿದು, ಉರುಳುತ್ತಾ ಉರುಳುತ್ತಾ ಈ ತುದಿಗೇ ಬಂತು. ಶಿವನಂಜಪ್ಪ ಎರಡೂ ಕೈ ಚಾಚಿ ರಾಶಿಯ ಮೇಲೆ ಕವುಚಿಬಿದ್ದ. ವಿಮಾನ ಐವತ್ತು ಮಾರು ದೂರದಲ್ಲೇ ನಿಧಾನವಾಗಿ ತಿರುಗಿ ಬಾಲವನ್ನು ಇವರ ಕಡೆ ಮಾಡಿತು. ಭರ್ರನೆ ಗಾಳಿ ನುಗ್ಗಿ ಬಂದು ರಾಶಿಯ ಒಂದು ಮಗ್ಗುಲನ್ನು ಸವರಿಕೊಂಡು ಹೋಯಿತು.

ಎಂಜಿನ್ ನಿಂತ ಮೇಲೆ ಶಿವನಂಜಪ್ಪ ತಲೆಯೆತ್ತಿ ನೋಡಿದ. ಆ ಮಗ್ಗುಲಲ್ಲಿ ಹೊಟ್ಟೆಲ್ಲ ಹಾರಿಹೋಗಿ ಕೆಂಪು ರಾಗಿ ಹಾಗೇ ಉಳಿದಿತ್ತು.

ಪೈಲಟ್ ಇಳಿದು ಬಂದ. ನಂಜುಂಡಸ್ವಾಮಿ ಬರಿಗಾಲಲ್ಲೇ ಓಡಿದ.

ನಂಜುಂಡಸ್ವಾಮಿ: ಸಾರ್, ತಪ್ಪಾಯ್ತು ಸಾರ್. ಈಗಲೇ ತೆಗೆ... ಈಗಲೇ ಹೆಚ್ಚಿಸ್ತೀನಿ ಸಾರ್.

ಶಿವನಂಜಪ್ಪ: ಸ್ವಾಮಿ, ಇನ್ನೊಂದು ಕಿತ ಮಾಡಿ.

ಪೈಲಟ್: ಏನು ಮಾಡಬೇಕು?

ಶಿವನಂಜಪ್ಪ: ಈಗ ಮಾಡಿದ್ರಲ್ಲ, ಅದೇ. ಗಾಳಿ.

ನಂಜುಂಡಸ್ವಾಮಿ: ಏಯ್, ಇದು ಸರ್ಕಾರದ ವಿಮಾನ.

ಸುಂದ್ರಮ್ಮ: ಸರ್ಕಾರದ್ದಾದ್ರೆ ನಮ್ಮದೇ ಅಲ್ವಾ ಸ್ವಾಮಿ? ಲೆವಿ ಕೊಡೋರು ನಾವು ತಾನೆ.

ಪೈಲಟ್ ರಾಶಿ ನೋಡಿದ, ಬೆಟ್ಟದ ಮೇಲಿನ ಮೋಡ ನೋಡಿದ, ನಕ್ಕ.

ಪೈಲಟ್: ನಾನು ಕೊಡಗಿನವ. ನಮ್ಮ ಮನೆಯಲ್ಲೂ ಭತ್ತ ತೂರ್ತಾರೆ. ಹೇಗೂ ಹೊರಡುವ ಮುಂಚೆ ಎಂಜಿನ್ ಓಡಿಸಿ ನೋಡಬೇಕು. ಎಡಗಡೆಯದನ್ನು ಓಡಿಸ್ತೇನೆ. ಎಷ್ಟು ಹೊತ್ತು ಬೇಕಾದೀತು?

ನಂಜುಂಡಸ್ವಾಮಿ: ರಾಶಿ ಮುಂದೆ ‘ಎಷ್ಟು’ ಅನ್ನಬಾರದು ಸಾರ್. ಬೂಟೂ ಗೆರೆಯಿಂದ ಆಚೆ ಇರಲಿ.

ಪೈಲಟ್: ಸರಿ. ಗಾಳಿ ಜೋರು, ಮೆತ್ತಗೆ ಅಂತ ನನಗೆ ಕಾಣುವಂತೆ ನಿಂತು ಯಾರಾದರೂ ಸನ್ನೆ ಮಾಡಬೇಕಲ್ಲ.

ಶಿವನಂಜಪ್ಪ: ಸುಂದ್ರಾ, ನೀನು ಓಗು. ಗಾಳಿ ಹದ ನಿನ್ನಷ್ಟು ನಂಗೂ ಗೊತ್ತಿಲ್ಲ.

ಮದುವೆಯಾಗಿ ಇಪ್ಪತ್ತೈದು ವರ್ಷಕ್ಕೆ ಗಂಡನ ಬಾಯಿಂದ ಬಂದ ಮೊದಲ ಹೊಗಳಿಕೆ. ಸುಂದ್ರಮ್ಮ ಹಿಗ್ಗಿ ಹೋಗಿ ವಿಮಾನದ ಮುಂದೆ, ರೆಕ್ಕೆಯಿಂದ ದೂರಕ್ಕೆ ನಿಂತಳು. ಸೆರಗು ಮೇಲೆತ್ತಿದರೆ ಜೋರು, ಇಳಿಸಿದರೆ ಮೆತ್ತಗೆ. ಮೊದಲ ಸಲ ಸ್ವಲ್ಪ ಹೆಚ್ಚೇ ಎತ್ತಿದಳು. ಶೇಕ್ದಾರನ ಟೋಪಿ, ಬಗಲಲ್ಲಿದ್ದ ಕಾಗದಗಳು, ಒಂದು ಗಾಡಿ ಹೊಟ್ಟು ಎಲ್ಲವೂ ಒಟ್ಟಿಗೆ ಹಾರಿ ಶಾಮಿಯಾನ ಸೇರಿದವು. ಆಮೇಲೆ ಹದ ಸಿಕ್ಕಿತು. ಬರ್ಮಾದ ಗುಂಡಿಗೆ ಹೆದರದೆ ಹಾರಿದ್ದ ವಿಮಾನ ಸುಂದ್ರಮ್ಮನ ಸೆರಗಿಗೆ ಪೂರ್ತಿ ಶರಣಾಯಿತು.

ಶಿವನಂಜಪ್ಪ ಮಣೆ ಹತ್ತಿ ಮೊರದ ಮೇಲೆ ಮೊರ ತೂರಿದ. ವಿಮಾನ ನೋಡಲು ಬಂದಿದ್ದ ಜನ ವಿಮಾನವನ್ನು ಬಿಟ್ಟು ರಾಶಿಯ ಹತ್ತಿರ ಬಂದು ಮೊರ ತುಂಬಿ ತುಂಬಿ ಕೊಟ್ಟರು. ನಂಜುಂಡಸ್ವಾಮಿಯೂ ಪೊರಕೆ ಹಿಡಿದು ಹೊಟ್ಟು ಸರಿಸುತ್ತಿದ್ದ. ಅಮಲ್ದಾರರು ಕೋಟು ಕೊಡವಿಕೊಂಡು, ನಮ್ಮ ತಾಲ್ಲೂಕಿನಲ್ಲಿ ಇಂಥ ಕಾರ್ಯಕ್ರಮ ಇದೇ ಮೊದಲು ಎಂದು ಚಪ್ಪಾಳೆ ತಟ್ಟಿದರು. ಅರ್ಧ ಗಂಟೆಗೆ ರಾಗಿಯೆಲ್ಲ ಹಸನಾಗಿ ಬಿತ್ತು. ವರ್ಷದ ಹಿಟ್ಟು ಕಣ್ಣೆದುರಿಗೆ ಇತ್ತು. ಶಿವನಂಜಪ್ಪನಿಗೆ ತಡೆಯಲಾರದಷ್ಟು ಸಂತೋಷವಾಯಿತು.

ಪೈಲಟ್: ಯಜಮಾನರೇ, ನಾಳೆಯಿಂದ ಇದು ಹಾರೋದಿಲ್ಲ. ಹೇಗಿದೆ ನಮ್ಮ ವಿಮಾನ?

ಶಿವನಂಜಪ್ಪ: ನೋಡ್ಲಿಲ್ಲ ಸ್ವಾಮಿ.

ಪೈಲಟ್: ಮೈಸೂರಿಂದ ಜನ ಬಸ್ಸು ಮಾಡಿಕೊಂಡು ಬಂದಿದ್ದಾರೆ. ನೀವು ಇಲ್ಲೇ ಇದ್ದು ನೋಡಲಿಲ್ವಾ?

ಶಿವನಂಜಪ್ಪ: ಗಾಳಿಗೆ ಬೆನ್ನು ಕೊಟ್ಟು ತಾನೆ ತೂರ್ಬೇಕು. ಬರೋವಾಗ ರಾಶಿ ಮೇಲೆ ಬಿದ್ದಿದ್ದೆ, ಆಮೇಲೆ ಬೆನ್ನು ಆ ಕಡೆ ಇತ್ತು.

ಪೈಲಟ್: ಹಾಗಾದರೆ ಈಗ ನೋಡಿ, ಬನ್ನಿ.

ಶಿವನಂಜಪ್ಪ ಹೋಗಿ ಎತ್ತು ಕೊಳ್ಳುವವನ ಹಾಗೆ ಒಂದು ಸುತ್ತು ಬಂದು, ಅಲ್ಲಲ್ಲಿ ತಟ್ಟಿ ನೋಡಿದ.

ಶಿವನಂಜಪ್ಪ: ಹಾರಲ್ಲ ಅಂದ್ರೆ ಇದನ್ನೇನು ಮಾಡ್ತಾರೆ?

ಪೈಲಟ್: ಬಿಚ್ಚಿ ಗುಜರಿಗೆ ಹಾಕ್ತಾರೆ.

ಶಿವನಂಜಪ್ಪ: ಅಂಗಾದ್ರೆ ರೆಕ್ಕೆ, ಬಾಲ ಎಲ್ಲಾನೂ ಗುಜರಿಯವರೇ ತಗಳ್ಳಿ. ಈ ಎಡಗಡೆ ಫ್ಯಾನು ಒಂದನ್ನ ಮಾತ್ರ ನಮ್ಮ ಮನೆಗೆ ಕಳಿಸಿಬುಡಿ ಸ್ವಾಮಿ.

ಸುಂದ್ರಮ್ಮ: ಎಡಗಡೆದು ಒಂದೇ ಯಾಕ್ರೀ ಕೇಳ್ತೀರಿ? ಬಲಗಡೆದು ನಮ್ಮಣ್ಣನ ಮನೆಗೆ ಬ್ಯಾಡ್ವಾ?