ಕಝಾಕ್ ಕ್ಲಬ್ಬಿನ ಮುಕ್ಕಾಲು ಚರಿತ್ರೆ

ಬಾಸ್ಕೆಟ್‌ಬಾಲ್ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೆ. ಚೆಂಡು ಬುಟ್ಟಿಯೊಳಕ್ಕೆ ಮೇಲಿನಿಂದಲೇ ಇಳಿಯಬೇಕು, ಕೆಳಗಿನಿಂದ ತೂರಿಸಿದರೆ ಲೆಕ್ಕಕ್ಕಿಲ್ಲ ಎನ್ನುವುದನ್ನು ಕೂಡ ಮಗಳು ಬೈದು ಹೇಳಿಕೊಟ್ಟದ್ದು. ಅಂಥ ನಾನು ಕಝಾಕಿಸ್ತಾನದ ಒಂದು ವೃತ್ತಿಪರ ಬಾಸ್ಕೆಟ್‌ಬಾಲ್ ಕ್ಲಬ್ಬಿನ ಚರಿತ್ರೆಯ ಮುಕ್ಕಾಲು ಭಾಗವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಡವರಿಸದೆ ಹೇಳಬಲ್ಲೆ ಎಂದರೆ ನೀವು ನಂಬಲಿಕ್ಕಿಲ್ಲ. ಉಳಿದ ಕಾಲು ಭಾಗ ಮಾತ್ರ ಬಹಳ ಕಾಲ ನನ್ನ ಕಿವಿಗೆ ಬೀಳಲೇ ಇಲ್ಲ. ಅದಕ್ಕೆ ಕಾರಣ ಕಝಾಕಿಸ್ತಾನದಲ್ಲಿರಲಿಲ್ಲ, ಮಲೇಷ್ಯಾದ ನಿಲಾಯ್‌ನ ನಮ್ಮ ಅಡುಗೆಮನೆಯಲ್ಲಿತ್ತು.

ನಾನು ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರುಗಳನ್ನು ಸಂತೈಸುವ ಕೆಲಸದಲ್ಲಿದ್ದೇನೆ. ಅಲ್ಲಿಯ ಆಟೋಟ ವಿಭಾಗಕ್ಕೆ ತರಬೇತುದಾರನಾಗಿ ಬಂದವನು ಯೆರ್ಲಾನ್. ನಾವಿದ್ದ ಕಾಂಡೋ ಅಪಾರ್ಟ್‌ಮೆಂಟಿನಲ್ಲೇ ಮೇಲಿನ ಮಹಡಿಯಲ್ಲಿ ಒಬ್ಬನೇ ಇದ್ದ. ಅವನು ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಓಡಿಹೋಗಿ ಫ್ಯಾನ್ ಆರಿಸಿದೆ. ಅಷ್ಟು ಎತ್ತರ! ನನ್ನ ಹೆಂಡತಿ ರೇಖಾ ಅವನಿಗೆ ಅವತ್ತೇ 'ಉದ್ದಣ್ಣ' ಎಂದು ಹೆಸರಿಟ್ಟಳು. ಸಂಜೆ ಕೆಳಗಿನ ಅಂಗಳದಲ್ಲಿ ನಮ್ಮ ಮಗಳು ಮಾನ್ಯಳಿಗೆ, ಅವಳ ಗೆಳತಿಯರಿಗೆ ಅವನೇ ಆಟ ಹೇಳಿಕೊಡುತ್ತಿದ್ದ. ಭಾನುವಾರ ಆಟ ಮುಗಿದ ಮೇಲೆ ನಮ್ಮ ಮನೆಗೆ ಬಂದು, ನಮ್ಮ ಸೋಫಾದಲ್ಲಿ ಮಂಡಿಗಳನ್ನು ಎಲ್ಲಿಡುವುದೆಂದು ಗೊತ್ತಾಗದೆ ಸ್ವಲ್ಪ ಹೊತ್ತು ಒದ್ದಾಡಿ, ಆಮೇಲೆ ತನ್ನ ಕ್ಲಬ್ಬಿನ ಕಥೆ ಶುರು ಮಾಡುತ್ತಿದ್ದ.

ಆ ಕ್ಲಬ್ಬು ಹುಟ್ಟಿದ್ದು ಸೋವಿಯತ್ ಕಾಲದಲ್ಲಿ, ರೈಲ್ವೆ ವರ್ಕ್‌ಶಾಪಿನ ಕಾರ್ಮಿಕರ ತಂಡವಾಗಿ. ಆಮೇಲೆ ದೇಶವೇ ಒಡೆದು, ವರ್ಕ್‌ಶಾಪಿನ ಬಾಗಿಲು ಮುಚ್ಚಿ, ಆಟಗಾರರಿಗೆ ಸಂಬಳದ ಬದಲು ಕುರಿಮಾಂಸ ಕೊಟ್ಟ ಚಳಿಗಾಲವೂ ಬಂತಂತೆ. ಇದನ್ನು ಕೇಳಿ ರೇಖಾ ಅಡುಗೆಮನೆಯಿಂದಲೇ, "ಅಯ್ಯೋ ಪಾಪ, ಟೀಮಲ್ಲಿ ವೆಜಿಟೇರಿಯನ್ಸ್ ಇದ್ದಿದ್ರೆ ಏನ್ರೀ ಮಾಡ್ತಿದ್ರು?" ಎಂದು ಕೇಳಿದ್ದಳು. ನಾನದನ್ನು ಇಂಗ್ಲಿಷಿನಲ್ಲಿ ದಾಟಿಸಿದಾಗ ಯೆರ್ಲಾನ್ ಬಹಳ ಯೋಚಿಸಿ, ಅಂಥ ಸಂದರ್ಭ ತಮ್ಮ ಊರಿನ ಚರಿತ್ರೆಯಲ್ಲೇ ಬಂದಿಲ್ಲ ಎಂದ. ಮುಂದೆ ಒಂದು ತೈಲ ಕಂಪನಿ ಕ್ಲಬ್ಬನ್ನು ಕೈಗೆತ್ತಿಕೊಂಡಿತು. ಹೊಸ ಹೆಸರು, ಹೊಸ ಬನಿಯನ್ನು, ಚಳಿಗೆ ಗೊಣಗುತ್ತ ಟೋಪಿ ಹಾಕಿಕೊಂಡೇ ಅಭ್ಯಾಸಕ್ಕೆ ಬರುವ ಅಮೆರಿಕದ ಆಟಗಾರರು, ಎಲ್ಲ ಬಂತು. ಊರಿನವರು ಮಾತ್ರ ಅದನ್ನು 'ರೈಲ್ವೆ' ಎಂದೇ ಕರೆಯುತ್ತಿದ್ದರು. ನಮ್ಮ ಬೆಂಗಳೂರಿನ ರಸ್ತೆಗಳೂ ಹಾಗೇ ತಾನೆ, ಬೋರ್ಡಿನಲ್ಲಿ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು.

ಇಷ್ಟಾದ ಮೇಲೆ ಕಥೆಗೆ ಯೆರ್ಲಾನನ ಪ್ರವೇಶ. ತಂಡದಲ್ಲಿ ಅವನು ಎಲ್ಲರಿಗಿಂತ ಕಿರಿಯ. ಪಂದ್ಯದಲ್ಲಿ ಬೆಂಚಿನ ಮೇಲೆ, ಬಸ್ಸಿನಲ್ಲಿ ಚೆಂಡಿನ ಚೀಲದ ಮೇಲೆ ಕೂರುವುದು ಅವನ ಪಾಲಿನ ಕೆಲಸ. ಆ ವರ್ಷ ಕಂಪನಿಯವರು ತಂಡ ಫೈನಲ್ ಮುಟ್ಟಿದರೆ ಕ್ಲಬ್ಬು, ಇಲ್ಲದಿದ್ದರೆ ಬೀಗ ಎಂದುಬಿಟ್ಟಿದ್ದರು. ಸೆಮಿಫೈನಲ್ಲು ದೂರದ ಊರಿನಲ್ಲಿ. ಹಿಮ ಬಿದ್ದು ವಿಮಾನ ಹಾರಲಿಲ್ಲ, ಬಸ್ಸು ಹತ್ತಿದರು. ಮರವಿಲ್ಲ, ಮನೆಯಿಲ್ಲ, ಬರೀ ಬಯಲು. ಬಿರುಗಾಳಿ ಶುರುವಾಯಿತು. ಬಸ್ಸು ಒಮ್ಮೆ ಕೆಮ್ಮಿ, ನಡುದಾರಿಯಲ್ಲಿ ನಿಂತುಬಿಟ್ಟಿತು.

ಸರಿಯಾಗಿ ಇಲ್ಲಿಗೆ ರೇಖಾಳ ಟೀ ಬರುತ್ತಿತ್ತು.

ನಮ್ಮ ಮನೆಯ ಟೀ ಬಗ್ಗೆ ಎರಡು ಮಾತು ಹೇಳಲೇಬೇಕು. ಅತಿಥಿಗೆ ಲೋಟ ಅಂಚಿನವರೆಗೆ ತುಂಬಿರಬೇಕು, ಎತ್ತುವಾಗ ತುಸು ಚೆಲ್ಲಿದರೆ ಇನ್ನೂ ಒಳ್ಳೆಯದು ಎನ್ನುವುದು ರೇಖಾಳ ಧರ್ಮ. ಅರ್ಧ ಲೋಟ ಕೊಡುವ ಮನೆಗಳ ಬಗ್ಗೆ ಅವಳು ಮನೆಗೆ ಮರಳುವ ದಾರಿಯುದ್ದಕ್ಕೂ ಮಾತಾಡುತ್ತಾಳೆ. ಅತಿಥಿ 'ಸಾಕು ಸಾಕು' ಎಂದರೆ ಇನ್ನಷ್ಟು ಸುರಿಯಬೇಕು; ನಮ್ಮ ಕಡೆ ಆ ಮಾತಿನ ಅರ್ಥವೇ ಅದಲ್ಲವೆ? ಯೆರ್ಲಾನ್ ಸಾಕೆಂದೂ ಹೇಳುತ್ತಿರಲಿಲ್ಲ. ತುಂಬಿದ ಲೋಟವನ್ನು ಒಂದು ಕ್ಷಣ ನೋಡಿ, ಬಿಸಿಯಿದ್ದಂತೆಯೇ ಗಟಗಟ ಕುಡಿದು, ಎದೆಯ ಮೇಲೆ ಕೈಯಿಟ್ಟು ವಂದಿಸಿ ಎದ್ದುಬಿಡುತ್ತಿದ್ದ. "ಬಸ್ಸು ಏನಾಯ್ತಪ್ಪಾ?" ಎಂದರೆ, "ಇನ್ನೊಮ್ಮೆ ಹೇಳ್ತೀನಿ" ಎನ್ನುತ್ತಿದ್ದ. ಇನ್ನೊಮ್ಮೆ ಬಂದಾಗ ಮತ್ತೆ ರೈಲ್ವೆ ವರ್ಕ್‌ಶಾಪಿನಿಂದಲೇ ಶುರು. ಮತ್ತೆ ಬಸ್ಸು ನಿಲ್ಲುವ ಹೊತ್ತಿಗೆ ಟೀ. ರೇಖಾ, "ಎಷ್ಟು ಸಂಕೋಚದ ಮನುಷ್ಯ ನೋಡ್ರೀ" ಎಂದು ಮರುಗಿ, ಮುಂದಿನ ವಾರ ಇನ್ನೂ ದೊಡ್ಡ ಲೋಟ ಹುಡುಕುತ್ತಿದ್ದಳು. ಆಫೀಸಿನಲ್ಲಿ ಕೂತಾಗಲೂ ನನಗೆ ಹಿಮದಲ್ಲಿ ಸಿಕ್ಕಿಕೊಂಡ ಆ ಹುಡುಗರದೇ ಚಿಂತೆ.

ಹೀಗಿರುವಾಗ ಯೆರ್ಲಾನನ ಕರಾರು ಮುಗಿದು, ಅವನು ಊರಿಗೆ ಹೊರಡುವುದು ಗೊತ್ತಾಯಿತು. ರೇಖಾ ಭಾನುವಾರ ಊಟಕ್ಕೆ ಕರೆದಳು. ಬಹಳ ವಿನಯದಿಂದ ಬರುವುದಿಲ್ಲ ಎಂದ. ಮರುವಾರ ಕರೆದರೂ ಅದೇ ಉತ್ತರ. ನಮ್ಮಿಂದ ಏನು ತಪ್ಪಾಯಿತೆಂದು ನಾವಿಬ್ಬರೂ ತಲೆ ಕೆಡಿಸಿಕೊಂಡು ಕೂತಿದ್ದಾಗ ಮಾನ್ಯ ಫೋನಿನಿಂದ ತಲೆಯೆತ್ತಿ, "ಅಮ್ಮಾ, ಯೂ ಆರ್ ದ ಒನ್ ಚೇಸಿಂಗ್ ಹಿಮ್ ಔಟ್, ಲಾ!" ಎಂದು ಮಲೇಷ್ಯಾದ ಧಾಟಿಯ ಇಂಗ್ಲಿಷಿನಲ್ಲಿ ಅಂದಳು. ಅವಳು ವಿವರಿಸಿದ್ದನ್ನು ಕನ್ನಡಕ್ಕಿಳಿಸಿದರೆ ಇಷ್ಟು: ಅವರ ಕಡೆ ಬಂದವರಿಗೆ ಟೀ ಅರ್ಧ ಬಟ್ಟಲೇ ಕೊಡುವುದು. ಮುಗಿದ ಹಾಗೆ ಮತ್ತೆ ಅರ್ಧ, ಮತ್ತೆ ಅರ್ಧ. ಕೂತಿರಿ, ನಿಮಗೆ ಬಡಿಸಲು ನಮಗೆ ಬೇಸರವಿಲ್ಲ ಎಂದು ಅದರ ಅರ್ಥ. ಬಟ್ಟಲು ತುಂಬಿಸಿಕೊಟ್ಟರೋ, ಕುಡಿದು ಹೊರಡಿ ಎಂದು. "ನಿಮ್ಮಪ್ಪ ಒಳ್ಳೆಯವರು, ಪಾಪ ನಿಮ್ಮಮ್ಮನಿಗೆ ನಾನು ಬರೋದು ಕಷ್ಟ" ಎಂದು ಅವನು ಅಂಗಳದಲ್ಲಿ ಹೇಳಿದ್ದನಂತೆ.

ರೇಖಾ ಸೋಫಾದಲ್ಲಿ ಕುಸಿದಳು. "ಅಷ್ಟು ದಿನದಿಂದ ಪ್ರತಿ ವಾರ ಎದ್ದು ಹೋಗು ಅಂದಿದೀನಾ ನಾನು? ಅದೂ ಸಕ್ಕರೆ ಹಾಕಿ?" ಎಂದವಳ ಕಣ್ಣಲ್ಲಿ ನೀರೇ ಬಂತು. ನನಗೂ ಸಂಕಟವಾಯಿತು. ಹುಟ್ಟೂರು ಬಿಟ್ಟು ಬಂದು ಒಬ್ಬನೇ ಇದ್ದವನು, ಹೋಗೆಂದರೂ ಮುಖ ಸಿಂಡರಿಸದೆ ಮರುವಾರ ಮತ್ತೆ ಬರುತ್ತಿದ್ದ. ಕನ್ನಡದವರ ಮನೆಯಲ್ಲಿ ನನ್ನನ್ನು ಕೂರಗೊಡಲಿಲ್ಲ ಎಂದುಕೊಂಡೇ ಅವನು ವಿಮಾನ ಹತ್ತಿದರೆ ಗತಿಯೇನು? ಆ ಕ್ಷಣವೇ ಕೋಡುಬಳೆಯ ಡಬ್ಬಿ ಹಿಡಿದು ಮೂವರೂ ಅವನ ಮನೆಗೆ ಹತ್ತಿದೆವು.

ರೇಖಾ ಬಾಗಿಲಲ್ಲೇ ನಿಂತು, "ನಮ್ಮಲ್ಲಿ ಫುಲ್ ಅಂದ್ರೆ ಪ್ರೀತಿ, ಯೆರ್ಲಾನ್. ಹಾಫ್ ಕೊಟ್ರೆ ಅವಮಾನ" ಎಂದು ತನ್ನ ಕನ್ನಡ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಯೆರ್ಲಾನ್ ಅರ್ಥವಾಗದೆ ನೋಡಿದ, ಅರ್ಥವಾದ ಮೇಲೆ ಗೋಡೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡು ನಮ್ಮನ್ನು ಒಳಗೆ ಕೂರಿಸಿ, ಹಾಲು ಹಾಕಿದ ಟೀಯನ್ನು ಪುಟ್ಟ ಬಟ್ಟಲುಗಳಿಗೆ ಅರ್ಧರ್ಧ ಹುಯ್ದ. ರೇಖಾ ಆ ಅರ್ಧ ಬಟ್ಟಲನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದಳು. ನಾನು ತಡೆಯಲಾರದೆ, "ಈಗಲಾದರೂ ಆ ಬಸ್ಸು ಹೊರಡಿಸಪ್ಪಾ" ಎಂದೆ.

ಬಸ್ಸು ಹೊರಡಲಿಲ್ಲವಂತೆ. ಹುಡುಗರು ಒಬ್ಬರ ಹಿಂದೊಬ್ಬರು ಕೈಹಿಡಿದು ನಡೆದು, ಕುದುರೆ ಸಾಕುವವರ ಒಂದು ಒಂಟಿ ಮನೆ ಸೇರಿದರು. ಆ ಮನೆಯ ಅಜ್ಜಿ ಬಿರುಗಾಳಿ ನಿಲ್ಲುವವರೆಗೂ ಆ ಇಡೀ ತಂಡಕ್ಕೆ ಟೀ ಹುಯ್ದಳು. ಹಿಟ್ಟು ಮುಗಿಯುತ್ತ ಬಂತು, ಮಲಗಲು ಜಾಗವಿರಲಿಲ್ಲ, ಆದರೂ ಒಂದೇ ಒಂದು ಸಲ ಯಾರ ಬಟ್ಟಲನ್ನೂ ಅರ್ಧಕ್ಕಿಂತ ಮೇಲೆ ತುಂಬಲಿಲ್ಲ. ಪಂದ್ಯ ಕೈತಪ್ಪಿತು, ಕಂಪನಿ ಬೀಗ ಹಾಕಿತು. ಆದರೆ ಮರುವರ್ಷ ಅದೇ ಆಟಗಾರರು ಹಳೆಯ ವರ್ಕ್‌ಶಾಪಿನ ಶೆಡ್ಡಿನಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತ ಕ್ಲಬ್ಬನ್ನು ಮತ್ತೆ ಎಬ್ಬಿಸಿದರು. ಈಗ ಅದು ಪುನಃ ಲೀಗಿನಲ್ಲಿ ಆಡುತ್ತಿದೆ. ಅದರ ಕಿರಿಯರ ತಂಡಕ್ಕೆ ತರಬೇತಿ ಕೊಡಲಿಕ್ಕೇ ಯೆರ್ಲಾನ್ ಹೊರಟಿದ್ದ. ಇದನ್ನು ಹೇಳುವಾಗ ಅವನ ಮುಖ ಅರಳಿತು. ಹಿಮದಲ್ಲಿ ಸಿಕ್ಕವರನ್ನು ನಾವೇ ಇಷ್ಟು ವಾರ ಅಲ್ಲಿ ನಿಲ್ಲಿಸಿದ್ದೆವಲ್ಲ ಎನಿಸಿ ನಾನು ಕೋಡುಬಳೆಯ ಡಬ್ಬಿಯನ್ನು ಅವನತ್ತ ಸರಿಸಿದೆ.

ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಜಾಣರ ಲಕ್ಷಣ. ನಾನು ಮಾತ್ರ, "ನಮ್ಮ ಮೈಸೂರಲ್ಲೂ ಹೀಗೇ ಒಂದು ಬಾಲ್ ಬ್ಯಾಡ್ಮಿಂಟನ್ ಕ್ಲಬ್ಬಿತ್ತು ಯೆರ್ಲಾನ್. ನಾನೇ ಅದರ ಜಾಯಿಂಟ್ ಸೆಕ್ರೆಟರಿ" ಎಂದು ಶುರು ಮಾಡಿದೆ. ಸ್ಥಾಪಕರ ಹೆಸರುಗಳನ್ನು ಹೇಳಿ, ನೆಟ್ಟು ಕಟ್ಟಲು ಎರಡು ಹುಣಸೆಮರ ಹುಡುಕಿದ್ದನ್ನು ಹೇಳಿ, ಮೊದಲ ಜಗಳಕ್ಕೆ ಬರುತ್ತಿದ್ದೆ. ಯೆರ್ಲಾನ್ ಬಹಳ ಗೌರವದಿಂದ ಮುಂದಕ್ಕೆ ಬಾಗಿ, ನನ್ನ ಬಟ್ಟಲನ್ನು ಅಂಚಿನವರೆಗೆ ತುಂಬಿದ.

ಮಾನ್ಯ ಕೋಡುಬಳೆ ನೆತ್ತಿಗೇರಿ ಕೆಮ್ಮತೊಡಗಿದಳು. ನಾನು ಗಟಗಟ ಕುಡಿದು ಎದೆಯ ಮೇಲೆ ಕೈಯಿಟ್ಟು ಎದ್ದೆ. ರೇಖಾ ಮಾತ್ರ ಕೂತಲ್ಲೇ ಕೂತು, ನಾನು ಖಾಲಿ ಮಾಡಿದ ಆ ಬಟ್ಟಲನ್ನೇ ಭಕ್ತಿಯಿಂದ ನೋಡುತ್ತ, "ಮದುವೆಯಾಗಿ ಇಷ್ಟು ವರ್ಷ ನಂಗೆ ಇದು ಹೊಳೀಲೇ ಇಲ್ವಲ್ರೀ!" ಎಂದಳು.