ಹುತ್ರಿದುರ್ಗದ ಹಿತ್ತಾಳೆ ಶೆಲ್ಲು, ಏಳು ಟ್ಯಾಂಕು

ಸತ್ತ ಬಾಂಬುಗಳನ್ನು ಕೂಡಿಹಾಕಿಕೊಂಡು ನೆಮ್ಮದಿಯಾಗಿರೋಣ ಅಂದುಕೊಂಡ ನನಗೆ, ಬದುಕಿರುವವರಿಂದ ತಿಂಗಳಿಗೊಂದಾದರೂ ಪ್ರಸಂಗ ತಪ್ಪಿದ್ದಲ್ಲ. ತುಮಕೂರಿನಲ್ಲಿ ಐಟಿಐ ಫಿಟ್ಟರ್ ಮೇಷ್ಟ್ರಾಗಿ ನಿವೃತ್ತನಾದವನು ನಾನು. ನನ್ನ ವಯಸ್ಸಿನವರು ವಾಕಿಂಗ್ ಹೋಗುತ್ತಾರೆ, ಸಕ್ಕರೆ ಕಾಯಿಲೆ ಬಗ್ಗೆ ಮಾತಾಡುತ್ತಾರೆ. ನಾನು ಯುದ್ಧದ ಕಾಲದ ಹಳೇ ಸಾಮಾನು ಹುಡುಕುತ್ತೇನೆ. ಮದ್ದು ತೆಗೆದ ಬಾಂಬು, ಖಾಲಿ ಗುಂಡಿನ ಪೆಟ್ಟಿಗೆ, ಕಬ್ಬಿಣದ ಹೆಲ್ಮೆಟ್ಟು, ಮಾತಾಡದ ಫೋನು. ಇವನ್ನೆಲ್ಲ ನಾಲ್ಕು ಜನ ನೋಡುವ ಹಾಗೆ ಒಂದು ಕಡೆ ಇಡಬೇಕು ಅನ್ನುವುದು ನನ್ನ ಆಸೆ. ಮನೆಯಿಂದ ಹೊರಗೆ ಎಲ್ಲಾದರೂ ಇಡಬೇಕು ಅನ್ನುವುದು ನನ್ನ ಹೆಂಡತಿಯ ಆಸೆ. ಅಷ್ಟರ ಮಟ್ಟಿಗೆ ನಮ್ಮದು ಒಮ್ಮತದ ಸಂಸಾರ.

ಗ್ಯಾಸಿನವನು

ನಮ್ಮ ಹಾಲ್‌ನಲ್ಲಿ ಟೀವಿ ಪಕ್ಕ ಒಂದು ಬಾಂಬಿನ ಖೋಲು ನಿಂತಿರುತ್ತದೆ. ಹೊಟ್ಟೆಯಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ತೂತು ಕೊರೆದಿದ್ದಾರೆ. ಇದರಿಂದ ಯಾರಿಗೂ ಅಪಾಯವಿಲ್ಲ ಅನ್ನುವ ಕಾಗದಕ್ಕೆ ಚೌಕಟ್ಟು ಹಾಕಿಸಿ ಅದರ ಮೇಲೆಯೇ ನೇತುಹಾಕಿದ್ದೇನೆ. ಆದರೂ ಬಂದವರೆಲ್ಲ ಕೇಳುವುದು ಒಂದೇ, ಮುಟ್ಟಿದರೆ ಸಿಡಿಯುತ್ತಾ ಅಂತ. ಸಿಡಿಯಲ್ಲ ಅಂದರೆ ಅವರ ಮುಖದಲ್ಲಿ ಸ್ವಲ್ಪ ಬೇಜಾರು ಕಾಣುತ್ತದೆ.

ಒಂದು ದಿನ ಗ್ಯಾಸ್ ತರುವವನು ಹೊಸಿಲಲ್ಲೇ ನಿಂತುಬಿಟ್ಟ. ಅದು ಒಳಗಿರುವವರೆಗೂ ತಾನು ಒಳಗೆ ಬರುವುದಿಲ್ಲ, ತನಗೂ ಹೆಂಡತಿ ಮಕ್ಕಳಿದ್ದಾರೆ ಅಂದ. ಆಗ ಅವನ ಹೆಗಲ ಮೇಲೆ ತುಂಬಿದ ಸಿಲಿಂಡರು, ತುಟಿಯಲ್ಲಿ ಹೊಗೆಯಾಡುವ ಬೀಡಿ. ನಾನು ತೂತು ತೋರಿಸಿದೆ, ಕಾಗದ ಓದಿ ಹೇಳಿದೆ. ಅವನು ಬೀಡಿಯನ್ನು ಇನ್ನೊಂದು ದಂ ಎಳೆದು, ಧೈರ್ಯ ಸಾಲದು ಅಂದ. ಕೊನೆಗೆ ಬಾಂಬನ್ನು ಬಚ್ಚಲುಮನೆಗೆ ಸಾಗಿಸಿದ ಮೇಲೆಯೇ ನಮ್ಮ ಮನೆಗೆ ಗ್ಯಾಸು ಬಂತು.

ಅಡುಗೆಮನೆಯಿಂದ ನನ್ನ ಹೆಂಡತಿ ಹೇಳಿದಳು, "ಹತ್ತು ವರ್ಷದಿಂದ ಹೇಳ್ತಿದೀನಿ, ಅದನ್ನ ಅಲ್ಲಿಂದ ತೆಗೀರಿ ಅಂತ. ಇನ್ಮೇಲೆ ನನಗೆ ಏನು ಬೇಕಾದ್ರೂ ಗ್ಯಾಸಿನವನ ಕೈಲೇ ಹೇಳಿಸ್ತೀನಿ."

ಪೊರಕೆಯ ಮನೆ

ಹುತ್ರಿದುರ್ಗದ ಬೆಟ್ಟದ ಕೆಳಗೆ ಒಬ್ಬ ಹಳೇ ಮಿಲಿಟರಿಯವರಿದ್ದಾರೆ, ಅವರ ಹತ್ತಿರ ಒಂದು ಹಿತ್ತಾಳೆ ಶೆಲ್ ಇದೆ ಅಂತ ಕುಣಿಗಲ್ಲಿನ ಗುಜರಿಯವನಿಂದ ತಿಳಿಯಿತು. ತೋಪಿನಿಂದ ಗುಂಡು ಹಾರಿಹೋದ ಮೇಲೆ ಹಿಂದೆ ಉಳಿಯುವ ಡಬ್ಬ ಅದು. ಮಾರನೇ ದಿನವೇ ಹೊರಟೆ. ಹೋಗಿ ನೋಡಿದರೆ ಒಂದೂವರೆ ಗೇಣು ಎತ್ತರದ ಗಟ್ಟಿ ಹಿತ್ತಾಳೆ, ಕರ್ರಗೆ ಮಸಿ ಹಿಡಿದು ಬಾಗಿಲ ಹಿಂದೆ ನಿಂತಿತ್ತು. ಒಳಗೆ ಎರಡು ಪೊರಕೆ.

ಎಪ್ಪತ್ತೊಂದರ ಯುದ್ಧದಿಂದ ತಂದದ್ದು ಅಂದರು ಅಜ್ಜ. ಟೇಪು ತೆಗೆದು ಬಾಯಿ ಅಳೆದೆ, ತಳ ತಿರುಗಿಸಿ ಅಚ್ಚೊತ್ತಿದ ಅಕ್ಷರ ಬರೆದುಕೊಂಡೆ. ಅಜ್ಜ ನಡುವೆ ಎರಡು ಸಲ, ಇದರಲ್ಲಿ ನಾನು ಅಂತ ಏನೋ ಶುರು ಮಾಡಿದರು. ನನಗೆಲ್ಲ ಗೊತ್ತು ಬಿಡಿ ಅಂತ ನಾನೇ ತಡೆದು, ಇದು ಯಾವ ತೋಪಿನದು, ಎಷ್ಟು ದೂರ ಹೊಡೆಯುತ್ತದೆ ಅಂತ ಅವರಿಗೇ ಪಾಠ ಮಾಡಿದೆ. ಮೇಷ್ಟ್ರುಗಳಿಗೆ ನಿವೃತ್ತಿ ಕೊಡಬಹುದು, ಬಾಯಿ ಮುಚ್ಚಿಸುವುದು ಕಷ್ಟ.

ಪಾಠ ಮುಗಿದ ಮೇಲೆ ಅಜ್ಜ ಒಂದು ಷರತ್ತು ಹಾಕಿದರು. "ತಗೊಂಡೋಗಿ. ಆದ್ರೆ ನಾಲ್ಕು ಜನ ನೋಡೋ ಜಾಗದಲ್ಲಿ ಇಡ್ಬೇಕು. ಇಡೋ ದಿನ ನನ್ನ ಕರೀಬೇಕು. ಅಲ್ಲಿ ನಾನು ಒಂದೇ ಒಂದು ಮಾತು ಆಡ್ಬೇಕು. ವಯಸ್ಸಾಯ್ತು, ಜಾಸ್ತಿ ತಡ ಮಾಡ್ಬೇಡಿ." ಅವರ ಕೈ ಹಿಡಿದು ಮಾತು ಕೊಟ್ಟೆ. ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಅವರ ಸೊಸೆಗೆ ಮಾತ್ರ ಬೇರೆ ಚಿಂತೆ. ಪೊರಕೆ ಎಲ್ಲಿಡಲಿ ಅಂದಳು. ಕುಣಿಗಲ್ಲಿಗೆ ವಾಪಸು ಹೋಗಿ ಒಂದು ಪ್ಲಾಸ್ಟಿಕ್ ಬಕೆಟ್ ತಂದುಕೊಟ್ಟೆ. ಆಕೆ ತಿರುಗಿಸಿ ಮುರುಗಿಸಿ ನೋಡಿ, ಪರವಾಗಿಲ್ಲ, ಇದಕ್ಕೆ ಹಿಡಿ ಆದರೂ ಇದೆ, ಮಿಲಿಟರಿಯವರಿಗೆ ಅಷ್ಟೂ ಹೊಳೆದಿಲ್ಲ ಅಂದಳು.

ಕಲಾಯಿ

ತುಮಕೂರಿನ ಹಳೇ ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಭಾಯ್ ಒಬ್ಬರಿದ್ದಾರೆ. ಅವರ ಅಪ್ಪ, ತಾತನೂ ಅದೇ ಕೆಲಸದವರು. ಶೆಲ್ಲನ್ನು ಅವರ ಹತ್ತಿರ ಒಯ್ದು, ಮೇಲಿನ ಕೊಳೆ ಮಾತ್ರ ಮೆತ್ತಗೆ ತೆಗೀರಿ ಅಂತ ಹೇಳಿ ಕಾಫಿಗೆ ಹೋದೆ. ಹೋಟೆಲಿನಲ್ಲಿ ಹಳೇ ಶಿಷ್ಯನೊಬ್ಬ ಸಿಕ್ಕಿದ. ಮಾತು ಬೆಳೆಯಿತು. ವಾಪಸು ಬರುವಷ್ಟರಲ್ಲಿ ಶೆಲ್ಲು ಮದುವೆಯ ಹೊಸ ಕೊಳಗದ ಹಾಗೆ ಫಳಫಳ ಹೊಳೆಯುತ್ತಿತ್ತು. ಐವತ್ತು ವರ್ಷದ ಯುದ್ಧದ ಬಣ್ಣ ಹುಣಸೆಹಣ್ಣಿನಲ್ಲಿ ತೊಳೆದುಹೋಗಿತ್ತು. ತಳದ ಅಕ್ಷರಗಳು ಸವೆದು ಮಂಕಾಗಿದ್ದವು. ಒಳಗೆ ಬೆಳ್ಳಗೆ ತವರದ ಕಲಾಯಿ ಬೇರೆ.

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಭಾಯ್ ಅದನ್ನು ಸಂತೋಷಕ್ಕೆ ಮಾತು ನಿಂತುಹೋಗಿದೆ ಅಂದುಕೊಂಡರು. ಒಳಗೆ ತಳದ ತುಂಬ ಗುದ್ದು ಬಿದ್ದಿತ್ತು, ಯಾರೋ ಇದರಲ್ಲಿ ವರ್ಷಗಟ್ಟಲೆ ಏನೋ ಕುಟ್ಟಿದ್ದಾರೆ, ನಾನು ಕಲಾಯಿ ಕೂರಿಸಿದ್ದೇನೆ, ಇನ್ನು ಧೈರ್ಯವಾಗಿ ಹಾಲು ಕಾಯಿಸಿ ಅಂದರು. ನನಗೆ ಸಿಟ್ಟು ಬಂತು. ಕುಟ್ಟಿದ್ದಲ್ಲ ಭಾಯ್, ಅದು ಯುದ್ಧದಲ್ಲಿ ಬಿದ್ದ ಪೆಟ್ಟು ಅಂತ ಜೋರಾಗಿ ಹೇಳಿದೆ.

ಭಾಯ್ ಶೆಲ್ಲಿನ ಬಾಯೊಳಗೆ ಇಣುಕಿ ನೋಡಿದರು. ನುಣ್ಣಗಿದ್ದ ಹೊರಮೈ ಸವರಿ ನೋಡಿದರು.

"ಯುದ್ಧ ಇದರ ಒಳಗಡೆ ಆಯ್ತಾ ಸಾರ್?"

ಗುಂಡು ತಡೆಯುವ ಹೆಲ್ಮೆಟ್ಟು

ಗುಬ್ಬಿಯಲ್ಲಿ ಒಂದು ಸಂಘದವರು ಹೊಸ ಹಾಲ್ ಕಟ್ಟಿಸಿದ್ದರು. ಗೋಡೆ ಬದಿಯ ಗಾಜಿನ ಬೀರು ಖಾಲಿ ಇದೆ, ಸಾಮಾನು ತನ್ನಿ ನೋಡೋಣ ಅಂದರು. ಸ್ಕೂಟರಿಗೆ ಎಲ್ಲ ಕಟ್ಟಿದ ಮೇಲೆ ಕಬ್ಬಿಣದ ಹೆಲ್ಮೆಟ್ಟೊಂದು ಮಿಕ್ಕಿತು. ಹೇಗಿದ್ದರೂ ಹೆಲ್ಮೆಟ್ಟೇ ತಾನೆ ಅಂತ ತಲೆಗೆ ಹಾಕಿಕೊಂಡೆ. ಊರು ದಾಟುವ ಮೊದಲೇ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿದರು. ಐಎಸ್ಐ ಮಾರ್ಕು ಎಲ್ಲಿ ಅಂದರು.

ಇದು ಗುಂಡನ್ನೇ ತಡೆದ ಹೆಲ್ಮೆಟ್ಟು, ಅಂಚಿನಲ್ಲಿ ತಗ್ಗು ನೋಡಿ ಅಂದೆ. ಅವರು ತಗ್ಗಿಗೆ ಬೆರಳಿಟ್ಟು ನೋಡಿದರು. ಗೌರವದಿಂದ ತಲೆದೂಗಿದರು. ಆಮೇಲೆ ರಸೀದಿ ಪುಸ್ತಕ ತೆಗೆದರು.

"ನೀವು ಹೇಳೋದು ಸರಿ ಸಾರ್. ಆದ್ರೆ ಈ ರೋಡಲ್ಲಿ ಯಾರೂ ಗುಂಡು ಹಾರಿಸ್ತಿಲ್ಲ, ಬರೋದು ಬರೀ ಜಲ್ಲಿ ಲಾರಿ."

ಎಷ್ಟು ಟ್ಯಾಂಕು?

ಸಂಘದ ಕಾರ್ಯದರ್ಶಿಗಳು ಉತ್ಸಾಹಿ ಮನುಷ್ಯ. ಶೆಲ್ಲಿನ ಹೊಳಪು ನೋಡಿ ಅವರಿಗೆ ಬಹಳ ಇಷ್ಟವಾಯಿತು. ಇಡೀ ಗುಬ್ಬಿಯಲ್ಲಿ ನನ್ನ ಕಲಾಯಿಯನ್ನು ಹೊಗಳಿದವರು ಅವರೊಬ್ಬರೇ. ಆಯುಧ ಪೂಜೆಯ ದಿನವೇ ಉದ್ಘಾಟನೆ, ಮುಖಂಡರನ್ನು ಕರೆಸೋಣ ಅಂದರು. ಬೀರುವಿನಲ್ಲಿ ಇಡಲು ನಾನು ಒಂದು ಚೀಟಿ ಬರೆದುಕೊಂಡು ಹೋಗಿದ್ದೆ. ಖಾಲಿ ಹಿತ್ತಾಳೆ ಶೆಲ್, ಎಪ್ಪತ್ತೊಂದರ ಯುದ್ಧದ ಕಾಲದ್ದು ಅಂತ ಅಷ್ಟೇ.

ಅವರು ಓದಿ ಮುಖ ಸಣ್ಣದು ಮಾಡಿದರು. ಇದಕ್ಕೆ ಯಾವ ಮುಖಂಡರು ಬರುತ್ತಾರೆ, ಎಷ್ಟು ಟ್ಯಾಂಕು ಉಡಾಯಿಸಿತು ಹಾಕಿ ಅಂದರು. ಇದು ಎಲ್ಲಿಗೂ ಹಾರಿದ್ದಲ್ಲ, ತೋಪಿನ ಬುಡದಲ್ಲೇ ಬಿದ್ದಿರುವ ಡಬ್ಬ ಅಂದೆ. ಡಬ್ಬ ಇಲ್ಲದೆ ಗುಂಡು ಹಾರುತ್ತಾ ಅಂದರು. ಹಾರಲ್ಲ ಅಂದೆ. ಹಾಗಾದರೆ ಎಷ್ಟು ಟ್ಯಾಂಕು ಅಂದರು. ನನಗೆ ಗೊತ್ತಿಲ್ಲ ಅಂದೆ.

"ಗೊತ್ತಿಲ್ಲ ಅಂದ್ಮೇಲೆ ಏಳು ಇದ್ರೂ ಇರಬಹುದಲ್ವಾ ಸಾರ್?"

ಬೇಡ ಅಂದರೆ ಬೀರು ಕೈತಪ್ಪುತ್ತದೆ. ಬೀರು ತಪ್ಪಿದರೆ ಅಜ್ಜನಿಗೆ ಕೊಟ್ಟ ಮಾತು ತಪ್ಪುತ್ತದೆ. ಒಂದು ಮಾತು ಉಳಿಸಿಕೊಳ್ಳಲು ಏಳು ಟ್ಯಾಂಕು ನುಂಗಿದೆ. ಮನೆಗೆ ಬಂದು ಹೇಳಿದಾಗ ಹೆಂಡತಿ, ಬೆಳಿಗ್ಗೆ ಎರಡು ಇಡ್ಲಿಗೇ ಹೊಟ್ಟೆ ಭಾರ ಅನ್ನುತ್ತಿದ್ದಿರಿ ಅಂದಳು.

ಒಂದೇ ಒಂದು ಮಾತು

ಆಯುಧ ಪೂಜೆಯ ದಿನ ಅಜ್ಜನನ್ನು ಹುತ್ರಿದುರ್ಗದಿಂದ ಬಾಡಿಗೆ ಕಾರಿನಲ್ಲಿ ಕರೆತಂದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆ ಮೇಲೆ ಒಂದು ಮೆಡಲ್ಲು. ದಾರಿಯುದ್ದಕ್ಕೂ ತಾನು ಆಡಬೇಕಾದ ಮಾತನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದರು. ಈ ಸಲವೂ ಏನದು ಅಂತ ನಾನು ಕೇಳಲಿಲ್ಲ. ಏಳು ಟ್ಯಾಂಕಿನ ಸಂಗತಿ ಹೇಗೆ ಹೇಳುವುದು ಅನ್ನುವ ಸಂಕಟದಲ್ಲೇ ಗುಬ್ಬಿ ಬಂದುಬಿಟ್ಟಿತು.

ಹಾಲ್ ಮುಂದೆ ಫ್ಲೆಕ್ಸು. ಅದರಲ್ಲಿ ಮುಖಂಡರ ಫೋಟೋ ಆಳೆತ್ತರ, ಶೆಲ್ಲು ಅವರ ಮೊಣಕಾಲಿನ ಹತ್ತಿರ ಎಲ್ಲೋ ಇತ್ತು. ಅಜ್ಜನ ಫೋಟೋ ಇರಲಿಲ್ಲ. ಒಳಗೆ ಶೆಲ್ಲಿಗೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಪಕ್ಕದಲ್ಲಿ ಒಡೆದ ಬೂದುಗುಂಬಳ. ಶೆಲ್ಲಿಗೆ ಚಕ್ರ ಇಲ್ಲವಾದ್ದರಿಂದ ನಿಂಬೆಹಣ್ಣು ಯಾವುದರ ಕೆಳಗಿಡುವುದು ಅನ್ನುವ ಚರ್ಚೆ ನಡೆದು, ಕೊನೆಗೆ ಮುಖಂಡರ ಕಾರಿನ ಕೆಳಗೇ ಇಟ್ಟರು.

ಮುಖಂಡರು ಭಾಷಣಕ್ಕೆ ನಿಂತರು. ಶತ್ರುವಿನ ಏಳು ಟ್ಯಾಂಕುಗಳನ್ನು ಈ ಶೆಲ್ಲು ಹೇಗೆ ಒಂದಾದ ಮೇಲೊಂದು ಪುಡಿ ಮಾಡಿತು ಅಂತ ಕಣ್ಣಾರೆ ಕಂಡವರ ಹಾಗೆ ವರ್ಣಿಸಿದರು. ಐದನೇ ಟ್ಯಾಂಕಿಗೆ ಶಿಳ್ಳೆ ಬಿತ್ತು. ನಾನು ಅಜ್ಜನ ಮುಖ ನೋಡಲಾಗದೆ ಕುಂಬಳಕಾಯಿ ನೋಡುತ್ತ ಕೂತೆ. ಆಮೇಲೆ ಕಾರ್ಯದರ್ಶಿಗಳು, ಈ ಶೆಲ್ಲು ಹಾರಿಸಿದ ವೀರಯೋಧರು ಈಗ ಎರಡು ಮಾತು ಆಡುತ್ತಾರೆ ಅಂದರು. ಅಜ್ಜ ನಿಧಾನಕ್ಕೆ ಎದ್ದು ಮೈಕ್ ಹತ್ತಿರ ಹೋದರು.

"ನಾನು ಹಾರಿಸ್ಲಿಲ್ಲ. ನಾನು ಅಡುಗೆಯವನು. ಇದು ನನ್ನ ಕುಟ್ಟಾಣಿ. ಇದ್ರಲ್ಲಿ ಟೀಗೆ ಶುಂಠಿ ಕುಟ್ತಿದ್ದೆ."

ಕಲಾಯಿ ಭಾಯ್ ಕಂಡ ಗುದ್ದುಗಳೆಲ್ಲ ನನ್ನ ತಲೆಯ ಮೇಲೆ ಒಟ್ಟಿಗೆ ಬಿದ್ದವು. ಅಜ್ಜ ಮುಂದುವರಿಸಿದರು. "ನಮ್ಮೂರಲ್ಲಿ ಈಗ್ಲೂ ಅಂತಾರೆ, ಸೌಟು ಹಿಡಿದೋನು ಎಂಥ ಮಿಲಿಟರಿಯವನ್ಲಾ ಅಂತ. ಗುಂಡು ಬೀಳ್ತಿದ್ರೂ ನಾನು ಒಂದು ದಿನ ಒಲೆ ಆರ್ಸಿಲ್ಲ. ತೋಪಿನ ಹತ್ರ ಇದ್ದ ಹುಡುಗ್ರಿಗೆಲ್ಲ ನಾನೇ ಹೋಗಿ ಟೀ ಕೊಟ್ಟು ಬರ್ತಿದ್ದೆ. ಈ ಖಾಲಿ ಡಬ್ಬ ಅವ್ರೇ ಕೊಟ್ಟಿದ್ದು. ಅದನ್ನ ನಾಲ್ಕು ಜನದ ಮುಂದೆ ಹೇಳ್ಬೇಕಾಗಿತ್ತು. ಅಷ್ಟೇ."

ಎರಡು ಸಲ ಹೇಳಲು ಬಂದವರನ್ನು ಎರಡು ಸಲವೂ ನಿಲ್ಲಿಸಿದವನು ನಾನು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರು ಮಾಡಿದರು. ಐದನೇ ಟ್ಯಾಂಕಿಗೆ ಬಿದ್ದದ್ದಕ್ಕಿಂತ ಜೋರಾಗಿ ಇಡೀ ಹಾಲ್ ತಟ್ಟಿತು.

ಮುಖಂಡರು ಮಾತ್ರ ಪೆಚ್ಚಾಗಿ ನಿಂತಿದ್ದರು. ಮೈಕ್ ಇನ್ನೂ ಆನ್ ಇದೆ ಅನ್ನುವುದನ್ನು ಮರೆತು ಅಜ್ಜನ ಕಡೆ ಬಾಗಿ, ಹಾಗಾದ್ರೆ ಆ ಏಳು ಟ್ಯಾಂಕು ಅಂತ ಮೆಲ್ಲಗೆ ಕೇಳಿದರು.

ಅಜ್ಜ ಬಹಳ ಹೊತ್ತು ಯೋಚಿಸಿದರು. ಐವತ್ತು ವರ್ಷದ ಹಿಂದಿನದನ್ನೆಲ್ಲ ಪ್ರಾಮಾಣಿಕವಾಗಿ ನೆನಪು ಮಾಡಿಕೊಳ್ಳುತ್ತಿದ್ದಾರೆ ಅಂತ ಮುಖದಲ್ಲೇ ಗೊತ್ತಾಗುತ್ತಿತ್ತು.

"ನನಗೆ ಗೊತ್ತಿಲ್ಲ ಬುಡಿ ಸ್ವಾಮಿ. ಆ ಟ್ಯಾಂಕ್ನೋರು ಯಾರೂ ಟೀಗೆ ಬಂದಿರಲಿಲ್ಲ."